ತಿಪ್ಪೆಯಲ್ಲಿ ಸಿಕ್ಕ ಸುವಾರ್ತೆ

ಎಲ್ಲ ಶುರುವಾದದ್ದು ಒಂದು ಪದದಿಂದ. ‘ಕಾರ್ಫೋಸ್’. ಕಣ್ಣಿಗೆ ಬೀಳುವ ಕಸಕ್ಕೆ, ಕಡ್ಡಿಯ ಚೂರಿಗೆ ಗ್ರೀಕರು ಹೇಳುತ್ತಿದ್ದ ಮಾತು. ಕನ್ನಡ ಬೈಬಲ್ಲಿನಲ್ಲಿ ಅದು ‘ರವೆ’.

1897ರ ಜನವರಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರು ದೂರದ ಒಂದು ಬಡ ಹಳ್ಳಿ, ಅದರಾಚೆ ಮರಳುಗಾಡು, ಎರಡರ ನಡುವೆ ಸಾಲುಸಾಲು ದಿಬ್ಬಗಳು. ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ಹುಡುಗರು ಅಲ್ಲಿ ಡೇರೆ ಹಾಕಿದ್ದರು. ಹುಡುಗರು ಅಂದದ್ದು ಸುಮ್ಮನಲ್ಲ, ಇಬ್ಬರಿಗೂ ಇನ್ನೂ ಮೂವತ್ತಾಗಿರಲಿಲ್ಲ. ಜನವರಿ 11ರ ಬೆಳಗ್ಗೆ ಎಪ್ಪತ್ತು ಆಳುಗಳನ್ನು ಕಟ್ಟಿಕೊಂಡು ಒಂದು ದಿಬ್ಬಕ್ಕೆ ಗುದ್ದಲಿ ಹಾಕಿದರು. ಎರಡನೆಯ ದಿನ ಸಿಕ್ಕ ಮುದುರಿದ ಪಪೈರಸ್ ಚೂರುಗಳನ್ನು ಹಂಟ್ ಬಿಡಿಸಿ ನೋಡುತ್ತಿದ್ದಾಗ ಒಂದು ಎಲೆಯ ಮೇಲೆ ಆ ಪದ ಕಂಡಿತು. ಕಾರ್ಫೋಸ್! ಎಲ್ಲೆಂದರಲ್ಲಿ ಸಿಗುವ ಪದವಲ್ಲ ಅದು. ಪಕ್ಕದವನ ಕಣ್ಣಿನ ರವೆ ಕಾಣುವ ನಿನಗೆ ನಿನ್ನ ಕಣ್ಣಿನ ತೊಲೆ ಕಾಣದೇ ಎಂದು ಯೇಸು ಕೇಳಿದ್ದು ಹಂಟ್‌ನ ನೆನಪಿಗೆ ಬಂತು. ಮುಂದಿನ ಸಾಲುಗಳನ್ನು ಓದಿದ. ಒಂದೊಂದು ಮಾತಿನ ಮೊದಲಿಗೂ ‘ಯೇಸು ಹೇಳುತ್ತಾನೆ’ ಎಂದಿದೆ. ಕೆಲವು ಮಾತುಗಳು ಗೊತ್ತಿದ್ದವೇ. ಇನ್ನು ಕೆಲವು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ!

ಮರುದಿನ ಇನ್ನೊಂದು ಚೂರು ಹೊರಬಂತು. ಅದು ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ. ಆಳುಗಳ ಸಂಖ್ಯೆ ಎಪ್ಪತ್ತರಿಂದ ನೂರ ಹತ್ತಕ್ಕೇರಿತು.

ಅವರು ಅಗೆಯುತ್ತಿದ್ದದ್ದು ಗುಡಿಯನ್ನಲ್ಲ, ಗೋರಿಯನ್ನಲ್ಲ, ಅರಮನೆಯನ್ನಂತೂ ಅಲ್ಲವೇ ಅಲ್ಲ. ಶುದ್ಧಾಂಗ ತಿಪ್ಪೆಯನ್ನು. ಊರ ಜನ ನೂರಾರು ವರ್ಷ ಬುಟ್ಟಿಗಟ್ಟಲೆ ಹೊತ್ತು ತಂದು ಸುರಿದ ಕಸ, ಕೆಲವು ಕಡೆ ಮೂವತ್ತು ಅಡಿ ಆಳದವರೆಗೆ. ಹುಲ್ಲುಕಡ್ಡಿ ಬೆರೆತ ಒಂದು ಬಗೆಯ ಮಣ್ಣಿನ ಪದರಕ್ಕೆ ಅಲ್ಲಿನ ಆಳುಗಳು ‘ಅಫ್ಶ್’ ಅನ್ನುತ್ತಿದ್ದರು. ಅಫ್ಶ್ ಸಿಕ್ಕಿತೆಂದರೆ ಅದರೊಳಗೆ ಕಾಗದ ಇದ್ದಂತೆಯೇ. ಮಳೆ ಕಾಣದ ನಾಡು, ನೈಲ್ ನದಿಯ ನೆರೆಯೂ ಏರದ ಎತ್ತರ. ನಮ್ಮಲ್ಲಾಗಿದ್ದರೆ ಒಂದೇ ಮುಂಗಾರಿಗೆ ಗೊಬ್ಬರವಾಗುತ್ತಿದ್ದ ಪಪೈರಸ್ ಎಂಬ ಜೊಂಡಿನ ಹಾಳೆ ಅಲ್ಲಿ ಸಾವಿರದ ಏಳುನೂರು ವರ್ಷ ಹಾಗೇ ಮಲಗಿತ್ತು. ಗೊಬ್ಬರವಾದದ್ದೂ ಉಂಟೆನ್ನಿ. ಈಜಿಪ್ಟಿನ ರೈತರು ಇಂಥ ಹಳೆಯ ದಿಬ್ಬಗಳ ಮಣ್ಣನ್ನು ಹೇರಿಕೊಂಡು ಹೋಗಿ ಹೊಲಕ್ಕೆ ಹಾಕುತ್ತಿದ್ದರು. ಯಾವ ಸುವಾರ್ತೆ ಯಾರ ಗೋಧಿಗೆ ಸಾರವಾಯಿತೋ!

ಊರಿನ ಹೆಸರು ಆಕ್ಸಿರಿಂಕಸ್. ಅಂದರೆ ಚೂಪುಮೂತಿಯ ಮೀನು. ಆ ಮೀನು ಅವರ ದೇವರು. ಪಕ್ಕದ ಊರಿನವರು ಆ ಮೀನನ್ನು ತಿಂದರೆಂದು ಸಿಟ್ಟಿಗೆದ್ದ ಇವರು, ಆ ಊರಿನವರಿಗೆ ಪವಿತ್ರವಾಗಿದ್ದ ನಾಯಿಗಳನ್ನು ಹಿಡಿದು ತಿಂದು ಸೇಡು ತೀರಿಸಿಕೊಂಡರೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ. ಕನ್ನಡದ ಓದುಗರಿಗೆ ಈ ಊರು ಅಪರಿಚಿತವೇನೂ ಅಲ್ಲ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯನ್ ಎಂಬ ಹೆಣ್ಣಿನ ಕಥೆಯ ಗ್ರೀಕ್ ಪ್ರಹಸನ, ಅದರೊಳಗಿನ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದ್ದು ನೆನಪಿದೆಯಲ್ಲ? ಆ ಹಾಳೆ ಸಿಕ್ಕಿದ್ದೂ ಇದೇ ತಿಪ್ಪೆಯಲ್ಲಿ.

ಈಗ ಯೇಸುವಿನ ಮಾತಿದ್ದ ಎಲೆಗೆ ಬರೋಣ. ಅಂಗೈಗಿಂತ ಸ್ವಲ್ಪ ದೊಡ್ಡದು. ಬರೆದದ್ದು ಕ್ರಿ.ಶ. 200ರ ಆಸುಪಾಸಿನಲ್ಲಿ. ಒಂದು ಬದಿಯ ಮೇಲ್ತುದಿಯಲ್ಲಿ ಗ್ರೀಕ್ ಅಕ್ಷರಗಳಲ್ಲಿ ಒಂದು ಅಂಕೆ ಇದೆ: 11. ಪುಟಸಂಖ್ಯೆ! ನನಗೆ ಮೈ ಜುಮ್ಮೆಂದದ್ದು ಈ ಅಂಕೆಯನ್ನು ಕಂಡಾಗ. ಆ ಕಾಲದ ಓದುಬಲ್ಲ ಜನಕ್ಕೆ ಗ್ರಂಥವೆಂದರೆ ಸುರುಳಿ, ಹೋಮರನೂ ಪ್ಲೇಟೋನೂ ಸುರುಳಿಯಲ್ಲೇ ಇದ್ದರು. ಸುರುಳಿಗೆ ಪುಟ ಎಲ್ಲಿಂದ ಬರಬೇಕು? ಹಾಳೆ ಮಡಚಿ, ಹೊಲಿದು, ಎರಡೂ ಬದಿಯಲ್ಲಿ ಬರೆಯುವ ಪುಸ್ತಕ ಆಗ ಲೆಕ್ಕಪತ್ರಕ್ಕೆ, ಟಿಪ್ಪಣಿಗೆ ಬಳಸುವ ಅಗ್ಗದ ವಸ್ತು. ಕ್ರೈಸ್ತರು ತಮ್ಮ ಪವಿತ್ರ ಮಾತುಗಳಿಗೆ ಆರಿಸಿಕೊಂಡದ್ದು ಆ ಅಗ್ಗದ ರೂಪವನ್ನೇ. ಇಂದು ನೀವು ಕೈಯಲ್ಲಿ ಹಿಡಿಯುವ ಎಲ್ಲ ಪುಸ್ತಕಗಳ ಆಕಾರ ಅದು. ಎಲೆಯ ಮೇಲೆ ಇನ್ನೊಂದು ಗುರುತೂ ಇದೆ. ‘ಯೇಸು’ ಎಂಬ ಹೆಸರನ್ನು ಪೂರ್ತಿ ಬರೆದಿಲ್ಲ. ಎರಡೇ ಅಕ್ಷರ, ಮೇಲೊಂದು ಗೆರೆ. ದೇವರು, ಪ್ರಭು, ಕ್ರಿಸ್ತ, ಎಲ್ಲಕ್ಕೂ ಹೀಗೇ. ತುಂಡು ಎಷ್ಟೇ ಚಿಕ್ಕದಿರಲಿ, ಆ ಗೆರೆ ಕಂಡರೆ ಸಾಕು, ಇದು ಕ್ರೈಸ್ತರ ಕೈಬರಹವೆಂದು ವಿದ್ವಾಂಸರು ಹೇಳಿಬಿಡುತ್ತಾರೆ.

ಬೈಬಲ್ಲಿನಲ್ಲಿಲ್ಲದ ಆ ಮಾತುಗಳು ಎಲ್ಲಿಯವು? ಉತ್ತರಕ್ಕೆ ಸುಮಾರು ಐವತ್ತು ವರ್ಷ ಕಾಯಬೇಕಾಯಿತು. 1945ರಲ್ಲಿ ಈಜಿಪ್ಟಿನದೇ ನಾಗ್ ಹಮ್ಮಾದಿ ಬಳಿ ಮಣ್ಣಿನ ಹರವಿಯೊಂದು ಸಿಕ್ಕಿತು, ಅದರೊಳಗೆ ಚರ್ಮದ ರಟ್ಟಿನ ಕಾಪ್ಟಿಕ್ ಭಾಷೆಯ ಪುಸ್ತಕಗಳು. ಒಂದರಲ್ಲಿ ಯೇಸುವಿನ 114 ಮಾತುಗಳ ‘ತೋಮನ ಸುವಾರ್ತೆ’ ಇಡಿಯಾಗಿ ಇತ್ತು. ಹಂಟ್ ಬಿಡಿಸಿದ ಎಲೆ ಅದೇ ಗ್ರಂಥದ ಗ್ರೀಕ್ ರೂಪದ್ದು! ಕೇರಳದ ಕ್ರೈಸ್ತರು ತಮಗೆ ಧರ್ಮ ತಂದವನೆಂದು ನಂಬುವ ಅದೇ ತೋಮನ ಹೆಸರಿನ ಗ್ರಂಥ.

ಆಗ ಈಜಿಪ್ಟನ್ನೂ ಆಳುತ್ತಿದ್ದ ರೋಮ್ ಸರ್ಕಾರದ ಕಣ್ಣಿಗೆ ಆ ಮೊದಲ ಕಾಲದ ಕ್ರೈಸ್ತರು ಹೇಗೆ ಕಾಣುತ್ತಿದ್ದರು? ಯೂದಾಯದಲ್ಲಿ ಪಿಲಾತನೆಂಬ ರೋಮನ್ ಅಧಿಕಾರಿ ಒಬ್ಬ ಬಡಗಿಯ ಮಗನನ್ನು ಶಿಲುಬೆಗೇರಿಸಿ ಎಂಬತ್ತು ವರ್ಷ ಕಳೆದಿತ್ತು. ಸುಮಾರು 112ರಲ್ಲಿ, ಈಗಿನ ಟರ್ಕಿಯ ಕಪ್ಪುಸಮುದ್ರದ ಕರಾವಳಿಯಿಂದ ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ. ಈ ಜನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕಳ್ಳತನ ಮಾಡುವುದಿಲ್ಲವೆಂದು ಆಣೆ ಇಡುತ್ತಾರೆ, ಸಾದಾ ಊಟ ಮಾಡುತ್ತಾರೆ. ಇಬ್ಬರು ದಾಸಿಯರನ್ನು ಹಿಂಸಿಸಿ ಕೇಳಿದರೂ ಬೇರೇನೂ ಹೊರಬರಲಿಲ್ಲ. ಪೇಟೆಯಷ್ಟೇ ಅಲ್ಲ, ಹಳ್ಳಿಗೂ ಹಬ್ಬಿದೆ, ಏನು ಮಾಡಲಿ? ಹುಡುಕಿಕೊಂಡು ಹೋಗಬೇಡ, ಸಿಕ್ಕಿಬಿದ್ದರೆ ಶಿಕ್ಷಿಸು, ಹೆಸರಿಲ್ಲದ ದೂರುಗಳನ್ನು ಎತ್ತಿಕೊಳ್ಳಬೇಡ ಎಂದು ಟ್ರಾಜನ್ ಉತ್ತರಿಸಿದ. ಸರ್ಕಾರಿ ಜಾಣತನ ಅಂದರೆ ಇದೇ.

ಈ ಜಾಣತನ ಮುರಿದುಬಿದ್ದದ್ದು ಡೇಸಿಯಸ್ ಚಕ್ರವರ್ತಿಯ ಕಾಲದಲ್ಲಿ. ಸಾಮ್ರಾಜ್ಯದ ಪ್ರತಿಯೊಬ್ಬನೂ ದೇವರಿಗೆ ಬಲಿ ಕೊಡಬೇಕೆಂದು ಅವನ ಆಜ್ಞೆಯಾಯಿತು. ಕೊಟ್ಟೆನೆಂದರೆ ಸಾಲದು, ಸರ್ಟಿಫಿಕೇಟು ಬೇಕು! 250ರ ಬೇಸಿಗೆಯ ಆ ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಎಲ್ಲದರ ಒಕ್ಕಣೆ ಒಂದೇ. ನಾನು ಯಾವತ್ತೂ ದೇವರಿಗೆ ಬಲಿ ಕೊಡುತ್ತ ಬಂದವನು. ಈಗಲೂ ನಿಮ್ಮ ಕಣ್ಣೆದುರೇ ತರ್ಪಣ ಎರೆದು, ಬಲಿ ಕೊಟ್ಟು, ಪ್ರಸಾದ ತಿಂದಿದ್ದೇನೆ. ದಯವಿಟ್ಟು ರುಜು ಹಾಕಿ. ಆಕ್ಸಿರಿಂಕಸ್ಸಿನ ತಿಪ್ಪೆಯಲ್ಲಿ ಸಿಕ್ಕ ಒಂದರಲ್ಲಿ ಅಪ್ಪ, ಮಗ, ಮಗಳು ಮೂವರೂ ಒಟ್ಟಿಗೆ ಬಂದು ಬರೆಸಿಕೊಂಡಿದ್ದಾರೆ. ಅರ್ಸಿನೋಯೆ ಪಟ್ಟಣದ ಒಂದು ಸರ್ಟಿಫಿಕೇಟು ಅರೇಲಿಯಾ ಅಮ್ಮೋನೌಸ್ ಎಂಬಾಕೆಯದು. ಆಕೆಯ ಉದ್ಯೋಗ ಮೊಸಳೆ ದೇವರ ಪೂಜೆ! ಮೊಸಳೆ ದೇವರ ಪೂಜಾರಿಣಿಯೇ ಸಾಲಿನಲ್ಲಿ ನಿಂತು, ತಾನು ದೇವರನ್ನು ಪೂಜಿಸುತ್ತೇನೆಂದು ಕಚೇರಿಯವರಿಂದ ಬರೆಸಿಕೊಂಡು ಹೋಗಬೇಕು. ಇದನ್ನು ಓದಿ ನಗದಿರುವವರು ಯಾವತ್ತೂ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿರಲಾರರು.

ಆರು ವರ್ಷ ಮುಂದೆ ಹೋಗಿ. 256ರ ಫೆಬ್ರುವರಿ 28. ಹಳ್ಳಿಯೊಂದರ ಪಟೇಲರಿಗೆ ಆಕ್ಸಿರಿಂಕಸ್ ಪಟ್ಟಣದಿಂದ ಒಂದು ಚೀಟಿ ಹೋಗುತ್ತದೆ. ಹೋರಸನ ಮಗ ಪೆಟೋಸರಾಪಿಸ್, ಕ್ರೈಸ್ತ, ಇವನನ್ನು ಕೂಡಲೇ ಕಳಿಸಿ, ಇಲ್ಲವಾದರೆ ನೀವೇ ಬನ್ನಿ. ಅಷ್ಟೇ. ಏನು ತಪ್ಪು ಮಾಡಿದನೆಂದು ಬರೆದಿಲ್ಲ. ‘ಕ್ರೈಸ್ತ’ ಎಂಬ ಪದದ ಕಾಗುಣಿತವನ್ನು ಗುಮಾಸ್ತ ತಪ್ಪಾಗಿ ಬರೆದಿದ್ದಾನೆ. ಹೆಸರು ನೋಡಿ: ಅಪ್ಪನಿಗೆ ಗಿಡುಗದೇವರು ಹೋರಸನ ಹೆಸರು, ಮಗನ ಹೆಸರಿನ ಅರ್ಥ ಸರಾಪಿಸ್ ದೇವರ ಕೊಡುಗೆ. ಹೆಸರಿನ ತುಂಬ ಹಳೆಯ ದೇವರುಗಳು, ಪಕ್ಕದಲ್ಲೊಂದು ಹೊಸ ಪದ. ಹೊಸ ಧರ್ಮ ಊರೊಳಗೆ ಕಾಲಿಟ್ಟ ಬಗೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಇತಿಹಾಸಕಾರನೂ ಹೇಳಿಲ್ಲ. ಸರಿಸುಮಾರು ಅದೇ ಹೊತ್ತಿಗೆ, ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಯೂಫ್ರೆಟಿಸ್ ದಡದ ದುರಾ-ಯುರೋಪೋಸ್ ಕೋಟೆಯನ್ನು ಪರ್ಷಿಯನ್ನರು ಮುತ್ತಿದ್ದರು. ಗೋಡೆ ಗಟ್ಟಿ ಮಾಡಲು ರೋಮನ್ ಸೈನಿಕರು ಅಂಚಿನ ಮನೆಗಳಿಗೆಲ್ಲ ಮಣ್ಣು ತುಂಬಿದರು. ಅದರಲ್ಲೊಂದು ಮನೆ ಕ್ರೈಸ್ತರದು. ಕುರಿಯನ್ನು ಹೆಗಲಿಗೇರಿಸಿದ ಕುರುಬ, ನೀರಿನ ಮೇಲೆ ನಡೆಯುವ ಯೇಸು, ಚುಕ್ಕಿಗಳ ಆಕಾಶದಡಿ ಸ್ನಾನದೀಕ್ಷೆಯ ತೊಟ್ಟಿ, ಇದೆಲ್ಲ ಮಣ್ಣಿನೊಳಗೆ ಹೋಯಿತು. ಮತ್ತೆ ಬೆಳಕು ಕಂಡದ್ದು 1932ರಲ್ಲಿ. ಆ ಊರಿನ ಗೋಡೆಚಿತ್ರಗಳನ್ನು ಮೊದಲು ಕಂಡವರು, 1920ರಲ್ಲಿ ಅಲ್ಲಿ ಕಂದಕ ತೋಡುತ್ತಿದ್ದ ಬ್ರಿಟಿಷ್ ಇಂಡಿಯನ್ ಸೈನ್ಯದ ಸಿಪಾಯಿಗಳು, ನಮ್ಮವರು!

ತಿಪ್ಪೆಗೆ ಮರಳೋಣ. ನನಗೆ ಅಲ್ಲಿನ ಎಲ್ಲ ಕಾಗದಗಳಿಗಿಂತ ಪ್ರಿಯವಾದದ್ದು ಕೊಪ್ರೆಸ್ ಎಂಬವನು ಬರೆದದ್ದು. ನಾಲ್ಕನೆಯ ಶತಮಾನದ ಆರಂಭ, ಡಯೋಕ್ಲೀಷಿಯನ್ ಚಕ್ರವರ್ತಿ ಕ್ರೈಸ್ತರ ಬೆನ್ನು ಬಿದ್ದಿದ್ದ ಕಾಲ. ಚರ್ಚು ಕೆಡವಿ, ಗ್ರಂಥ ಸುಡಿ ಎಂದು 303ರಲ್ಲಿ ಆಜ್ಞೆ ಹೊರಟಿತ್ತು. ಕೋರ್ಟಿಗೆ ಬಂದವರು ಮೊದಲು ಬಲಿ ಕೊಟ್ಟೇ ಒಳಗೆ ಕಾಲಿಡಬೇಕು. ಕೊಪ್ರೆಸ್‌ಗೆ ಜಮೀನಿನ ಒಂದು ವ್ಯಾಜ್ಯ ಇತ್ತು. ಪಟ್ಟಣಕ್ಕೆ ಹೋದ. ಅಲ್ಲಿಂದ ಸರಾಪಿಯಾಸ್‌ಗೆ ಬರೆದ. ಅವಳನ್ನು ‘ತಂಗಿ’ ಎಂದು ಕರೆಯುತ್ತಾನೆ, ಆದರೆ ಈಜಿಪ್ಟಿನಲ್ಲಿ ಹೆಂಡತಿಗೂ ಹಾಗೇ ಬರೆಯುತ್ತಿದ್ದರು. ಕಾಗದ ಹೀಗಿದೆ: ನಾವು ಹನ್ನೊಂದನೆಯ ತಾರೀಖು ತಲುಪಿದೆವು. ಹಾಜರಾದವರಿಗೆಲ್ಲ ಬಲಿ ಕೊಡಿಸುತ್ತಿದ್ದಾರೆಂದು ಗೊತ್ತಾಯಿತು. ಅದಕ್ಕೆ ನನ್ನ ಅಣ್ಣತಮ್ಮನೊಬ್ಬನಿಗೆ ವಕಾಲತ್ತು ಬರೆದುಕೊಟ್ಟೆ.

ಓದಿ ನಾನು ದಂಗಾದೆ. ಹುತಾತ್ಮರ ಕಥೆಗಳಲ್ಲಿ ಸಿಂಹಗಳಿವೆ, ಬೆಂಕಿಯಿದೆ, ನೆತ್ತರಿದೆ. ಇಲ್ಲಿ ಇರುವುದು ಒಂದು ಪವರ್ ಆಫ್ ಅಟಾರ್ನಿ! ದೇವರನ್ನೂ ಬಿಡಲಿಲ್ಲ, ಜಮೀನನ್ನೂ ಬಿಡಲಿಲ್ಲ. ಸಾಮ್ರಾಜ್ಯವೇ ಮೇಲೆ ಬಿದ್ದಾಗ ಈ ಮನುಷ್ಯ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ನಿಂತ, ಅಷ್ಟೆ. ಗಾಬರಿಯ ಒಂದು ಮಾತಿಲ್ಲ. ಮುಂದಿನ ಸಾಲುಗಳಲ್ಲಿ ಮನೆಯ ಸುದ್ದಿ: ಕಣ್ಣಿಗೆ ಬಿಳಿ ಹೂವು ಬಿದ್ದಿರುವ ಒಬ್ಬಳನ್ನು ಅಮ್ಮನ ಜೊತೆ ಇಲ್ಲಿಗೆ ಕಳಿಸು, ಇಲ್ಲಿ ಬೇರೆಯವರಿಗೆ ವಾಸಿಯಾದದ್ದನ್ನು ನಾನೇ ನೋಡಿದ್ದೇನೆ. ಕೊನೆಯಲ್ಲಿ ಒಂದು ಅಂಕೆ: 99. ಗ್ರೀಕರಿಗೆ ಅಕ್ಷರಗಳೇ ಅಂಕೆಗಳು. ‘ಆಮೆನ್’ ಪದದ ನಾಲ್ಕು ಅಕ್ಷರಗಳನ್ನು ಕೂಡಿ: 1, 40, 8, 50. ಮೊತ್ತ 99. ನಮ್ಮಲ್ಲಿ ಲಾರಿಗಳ ಮೇಲೆ, ಅಂಗಡಿಯ ಬೋರ್ಡುಗಳ ಮೇಲೆ 786 ಎಂದು ಬರೆದಿರುತ್ತದಲ್ಲ, ಅದೇ ಬಗೆ. ಗೊತ್ತಿದ್ದವರಿಗೆ ಆಮೆನ್, ಗೊತ್ತಿಲ್ಲದವರಿಗೆ ತೊಂಬತ್ತೊಂಬತ್ತು.

ಇನ್ನು ಅವನ ಹೆಸರು. ‘ಕೊಪ್ರೋಸ್’ ಎಂದರೆ ಗ್ರೀಕಿನಲ್ಲಿ ಸಗಣಿ, ಗೊಬ್ಬರ. ಹೆತ್ತವರು ತಿಪ್ಪೆಯ ಮೇಲೆ ಬಿಟ್ಟುಹೋದ ಕೂಸುಗಳನ್ನು ಎತ್ತಿ ತಂದು ಸಾಕುವುದು ರೋಮನ್ ಈಜಿಪ್ಟಿನಲ್ಲಿತ್ತು, ಅಂಥ ಮಕ್ಕಳಿಗೆ ಇಡುತ್ತಿದ್ದ ಹೆಸರು ಇದು. ಆಮೇಲೆ ಮನೆತನಗಳಲ್ಲಿ ಹಾಗೇ ಉಳಿದು ಬಂತು. ಹುಟ್ಟಿದ ಕೂಸುಗಳೆಲ್ಲ ಸಾಯುತ್ತಿದ್ದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪಮ್ಮ, ತಿಪ್ಪೇಸ್ವಾಮಿ ಎಂದು ಕರೆಯುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಪ್ರೆಸ್ ಅಂದರೆ ನಮ್ಮ ತಿಪ್ಪಣ್ಣನೇ. ಅವನ ಕಾಗದ ನಮಗೆ ದಕ್ಕಿದ್ದೂ ತಿಪ್ಪೆಯಿಂದಲೇ!

ಅದೇ ದಿನಗಳಲ್ಲಿ, 304ರ ಫೆಬ್ರುವರಿ 5ರಂದು, ಅಮ್ಮೋನಿಯಸ್ ಎಂಬ ಇನ್ನೊಬ್ಬ ಅಧಿಕಾರಿಗಳ ಮುಂದೆ ಪ್ರಮಾಣಪತ್ರ ಸಲ್ಲಿಸಿದ. ಖೈಸಿಸ್ ಎಂಬ ಹಳ್ಳಿಯ, ‘ಹಿಂದೆ ಇದ್ದ’ ಚರ್ಚಿನ ಪಾಠಕ ಅವನು, ಸಭೆಯಲ್ಲಿ ಗ್ರಂಥ ಓದುವವನು. ಚರ್ಚಿನ ಆಸ್ತಿಯ ಪಟ್ಟಿ ಕೊಡು ಎಂದಿದ್ದರು. ಬಂಗಾರ ಇಲ್ಲ, ಬೆಳ್ಳಿ ಇಲ್ಲ, ದುಡ್ಡಿಲ್ಲ, ಬಟ್ಟೆ ಇಲ್ಲ, ದನ ಇಲ್ಲ, ಆಳಿಲ್ಲ, ನಿವೇಶನ ಇಲ್ಲ. ಇದ್ದ ಕಂಚಿನ ಸಾಮಾನು ಆಗಲೇ ಒಪ್ಪಿಸಿಯಾಗಿದೆ. ಗ್ರಂಥಗಳ ಮಾತು ಪಟ್ಟಿಯಲ್ಲೇ ಇಲ್ಲ! ಕೆಳಗಿನ ರುಜು ಬೇರೊಬ್ಬನದು, ‘ಇವನಿಗೆ ಅಕ್ಷರ ಬಾರದ ಕಾರಣ’ ಎಂಬ ಒಕ್ಕಣೆಯೊಂದಿಗೆ. ಅಕ್ಷರ ಬಾರದ ಪಾಠಕ! ಅವನಿಗೆ ಗ್ರೀಕ್ ಬಾರದೆ ಕಾಪ್ಟಿಕ್ ಮಾತ್ರ ಬರುತ್ತಿತ್ತೆಂದು ಕೆಲವರು, ಪತ್ರದಲ್ಲಿದ್ದ ಚಕ್ರವರ್ತಿಯ ದೈವದ ಮೇಲಿನ ಆಣೆಗೆ ತನ್ನ ಕೈ ಸೋಕಬಾರದೆಂದು ಹೂಡಿದ ಉಪಾಯ ಎಂದು ಇನ್ನು ಕೆಲವರು. ನಾನು ಉಪಾಯದ ಕಡೆ. ಗ್ರಂಥ ಎಲ್ಲಿ ಎಂದು ಕೇಳಿದರೆ, ಓದು ಬಾರದವನ ಬಳಿ ಗ್ರಂಥ ಎಲ್ಲಿಯದು ಸ್ವಾಮಿ ಎನ್ನಬಹುದಲ್ಲ!

ಇಷ್ಟು ಸಾಲದೆಂಬಂತೆ ಆ ತಿಪ್ಪೆ ಒಂದು ಹಾಡನ್ನೂ ಕೊಟ್ಟಿತು. 1922ರಲ್ಲಿ ಪ್ರಕಟವಾದ ಮೂರನೆಯ ಶತಮಾನದ ಒಂದು ಚೂರು, ಮುಂಬದಿಯಲ್ಲಿ ಧಾನ್ಯದ ಲೆಕ್ಕ. ಹಿಂಬದಿಯಲ್ಲಿ ತಂದೆ, ಮಗ, ಪವಿತ್ರಾತ್ಮನ ಸ್ತುತಿ, ಪದಗಳ ಮೇಲೆ ಗ್ರೀಕ್ ಸಂಗೀತದ ಸ್ವರಚಿಹ್ನೆಗಳು. ಸ್ವರಲಿಪಿಯೊಂದಿಗೆ ಉಳಿದಿರುವ ಅತ್ಯಂತ ಹಳೆಯ ಕ್ರೈಸ್ತ ಹಾಡು ಇದೇ. ಕಾಳಿನ ಲೆಕ್ಕ ಮುಗಿದ ರದ್ದಿ ಹಾಳೆಯನ್ನು ಮಗುಚಿ ಯಾರೋ ರಾಗ ಹಾಕಿದ್ದಾರೆ. ಪ್ಲಿನಿಗೆ ವರದಿಯಾಗಿದ್ದ ಆ ಮುಂಜಾವಿನ ಹಾಡಿಕೆ ಹೇಗಿದ್ದಿರಬಹುದೆಂಬ ಎಳೆಯೊಂದನ್ನು ಇಂದು ಯಾರು ಬೇಕಾದರೂ ಹಾಡಿ ಕೇಳಬಹುದು. 1999ರಲ್ಲಿ ಅದೇ ತಿಪ್ಪೆಯಿಂದ ಒಂದು ಬಾಂಬೂ ಬಿತ್ತು: ಬೈಬಲ್ಲಿನ ಪ್ರಕಟನೆ ಗ್ರಂಥದ ಮೃಗದ ಸಂಖ್ಯೆ 666 ಎಂದು ಲೋಕವೆಲ್ಲ ಹೆದರುತ್ತಿದ್ದರೆ, ಇಲ್ಲಿನ ಹಳೆಯ ಚೂರಿನಲ್ಲಿ ಅದು 616! ನೀರೋ ಚಕ್ರವರ್ತಿಯ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿದರೆ ಒಂದು ಕಾಗುಣಿತಕ್ಕೆ 666, ಇನ್ನೊಂದಕ್ಕೆ 616 ಬರುತ್ತದೆ.

ಕೊಪ್ರೆಸ್ ಪಟ್ಟಣಕ್ಕೆ ಅಲೆಯುತ್ತಿದ್ದ ಆ ಸುಮಾರಿಗೇ ಆಕ್ಸಿರಿಂಕಸ್ಸಿನ ಕಾವಲುಗಾರರ ಒಂದು ಪಟ್ಟಿ ತಯಾರಾಯಿತು. ಬೀದಿಗಳ ಹೆಸರುಗಳ ನಡುವೆ ಎರಡು ಹೆಸರು: ಉತ್ತರದ ಚರ್ಚಿನ ಬೀದಿ, ದಕ್ಷಿಣದ ಚರ್ಚಿನ ಬೀದಿ. ವಿಳಾಸ ಹೇಳಲು ಬಳಕೆಯಾಗುವಷ್ಟು ಚರ್ಚು ಊರಿನದಾಗಿಬಿಟ್ಟಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ, 394ರ ಚಳಿಗಾಲದಲ್ಲಿ ಹೊರಟು ಆ ಕಡೆ ಬಂದ ಯಾತ್ರಿಕರು ಅಲ್ಲಿ ಹನ್ನೆರಡು ಚರ್ಚು, ಹತ್ತು ಸಾವಿರ ಸನ್ಯಾಸಿಗಳು, ಇಪ್ಪತ್ತು ಸಾವಿರ ಸನ್ಯಾಸಿನಿಯರು ಎಂದು ಬರೆದುಕೊಂಡರು. ಯಾತ್ರಿಕರ ಲೆಕ್ಕ, ಸ್ವಲ್ಪ ಕಳೆದೇ ಓದಿ. ಮೀನುದೇವರ ಊರು ಮಾತ್ರ ಪೂರ್ತಿ ಬೇರೆಯಾಗಿತ್ತು. ತಿಪ್ಪೆ ಹೋಗಿ ಉಪ್ಪರಿಗೆ ಆಗತ್ತೆ, ಉಪ್ಪರಿಗೆ ಹೋಗಿ ತಿಪ್ಪೆ ಆಗತ್ತೆ ಅನ್ನುತ್ತಾರಲ್ಲ, ಆ ಊರಿನಲ್ಲಿ ಎರಡೂ ನಡೆಯಿತು.

ಗ್ರೆನ್‌ಫೆಲ್ ಮತ್ತು ಹಂಟ್ ಹೊತ್ತು ತಂದ ಚೂರುಗಳು ಸುಮಾರು ಐದು ಲಕ್ಷ. 1898ರಿಂದ ಎಂಬತ್ತಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಪ್ರಕಟವಾದವು ಐದು ಸಾವಿರವನ್ನಷ್ಟೇ ದಾಟಿವೆ, ಉಳಿದವು ಪೆಟ್ಟಿಗೆಗಳಲ್ಲಿವೆ. ‘ರವೆ’ಯ ಆ ಎಲೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಗೋವಿಂದ ಪೈಗಳು ಕನ್ನಡವೆಂದ ಮಾತುಗಳಿರುವ ಪ್ರಹಸನದ ಹಾಳೆಯೂ ಅದೇ ಲೈಬ್ರರಿಯಲ್ಲೇ ಇದೆ.